ಅತ್ತೆ ಹೇಳುತ್ತಾರೆ, ‘ದಮ್ಮು ನಿಮ್ಮ ಕಡೆಯಿಂದಲೇ ಬಂದಿದ್ದು’. ನಿಜವಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಮಗನಿಗೆ ಎರಡೂವರೆ ವರ್ಷ. ಈ ಮಳೆಗಾಲದಲ್ಲೇ ನಾಲ್ಕು ಸಲ ಉಬ್ಬಸ ಬಂತು. ನನ್ನ ಅಮ್ಮನಿಗೆ ದಮ್ಮು ಇದೆ. ಚಿಕ್ಕವಳಿದ್ದಾಗ ನನಗೂ ಇತ್ತು. ಅತ್ತೆ ಇದು ನಿಮ್ಮ ಮನೆ ಕಡೆಯ ಕಾಯಿಲೆ ಅನ್ನುತ್ತಾರೆ. ಗಂಡನ ಕಡೆ ಯಾರಿಗೂ ಇಲ್ಲ. ಚಳಿಗಾಲದಲ್ಲಿ ಗಂಡನ ಕಾಲಿನ ಚರ್ಮ ಮೀನಿನ ಹುರುಪೆ ಥರ ಆಗುವುದು ಬಿಟ್ಟರೆ ಅವರಿಗೆ ಏನೂ ತೊಂದರೆ ಇಲ್ಲ. ಜೀನ್ ಟೆಸ್ಟ್ ಮಾಡಿಸಿದರೆ ಮಗನಿಗೆ ಅಸ್ತಮಾ ಇದೆಯೋ ಇಲ್ಲವೋ ಗೊತ್ತಾಗುತ್ತಾ?

ಉತ್ತರ: ಗೊತ್ತಾಗುವುದಿಲ್ಲ. ಟೆಸ್ಟಿಗೆ ಇಟ್ಟ ದುಡ್ಡನ್ನು ಹಾಗೇ ಇಟ್ಟುಕೊಳ್ಳಿ. ಆದರೆ ನಿಮ್ಮ ಪತ್ರದಲ್ಲೇ, ನೀವು ಸುಮ್ನೆ ಹೇಳಿ ಮುಂದೆ ಹೋದ ಒಂದು ಮಾತಿದೆ. ಅದರ ಹತ್ತಿರ ಆಮೇಲೆ ಬರುತ್ತೇನೆ.

ಅಸ್ತಮಾ ಮನೆತನದಲ್ಲಿ ಓಡುತ್ತದೆ ಅನ್ನುವುದು ನಿಜ. ಆದರೆ ಒಂದು ಜೀನ್ ಕೆಟ್ಟರೆ ಒಂದು ರೋಗ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಸ್ತಮಾಕ್ಕೆ ನಂಟಿರುವ ನೂರಕ್ಕೂ ಹೆಚ್ಚು ಜಾಗಗಳು ನಮ್ಮ ಡಿಎನ್‌ಎಯಲ್ಲಿ ಸಿಕ್ಕಿವೆ. ಒಂದೊಂದೂ ತಕ್ಕಡಿಯನ್ನು ಒಂದಿಷ್ಟೇ ವಾಲಿಸುತ್ತದೆ. ಹೆಚ್ಚು ಹೆಸರಾಗಿದ್ದು 17ನೇ ಕ್ರೋಮೋಸೋಮಿನ ಒಂದು ಜಾಗ. 2007ರಲ್ಲಿ ಬ್ರಿಟನ್ ಮತ್ತು ಜರ್ಮನಿಯ ಮಕ್ಕಳಲ್ಲಿ ಅದು ಸಿಕ್ಕಿತು. ಚಿಕ್ಕ ವಯಸ್ಸಿನಲ್ಲೇ ಶುರುವಾಗುವ ಅಸ್ತಮಾಕ್ಕೆ ಅದರ ನಂಟು ಜಾಸ್ತಿ. ಹಾಗಿದ್ದರೂ ಆ ಜಾಗದಲ್ಲಿ ವ್ಯತ್ಯಾಸ ಇರುವವರಲ್ಲಿ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯೂ ದಮ್ಮು ಬರುವುದಿಲ್ಲ. ಅಷ್ಟೇಕೆ, ಜೀನುಗಳೆಲ್ಲ ಒಂದೇ ಆಗಿರುವ ಅವಳಿಗಳಲ್ಲೂ ಒಬ್ಬನಿಗೆ ಅಸ್ತಮಾ ಇದ್ದು ಇನ್ನೊಬ್ಬ ಆರಾಮಾಗಿ ಗುಡ್ಡ ಹತ್ತುವುದುಂಟು.

ಹಾಗಾದರೆ ಉಳಿದಿದ್ದು ಎಲ್ಲಿಂದ ಬರುತ್ತದೆ? ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ್ದು. ಅಲ್ಲಿ ಆಮಿಶ್ ಮತ್ತು ಹಟರೈಟ್ ಅಂತ ಎರಡು ಬೇಸಾಯಗಾರರ ಸಮುದಾಯಗಳಿವೆ. ಇಬ್ಬರ ಪೂರ್ವಿಕರೂ ಯೂರೋಪಿನ ಆಲ್ಪ್ಸ್ ಬೆಟ್ಟಗಳ ಸೀಮೆಯವರು. ಜೀನುಗಳಲ್ಲಿ ತುಂಬಾ ಹತ್ತಿರ. ಊಟ, ಮನೆ ತುಂಬ ಮಕ್ಕಳು, ಟಿವಿಯಿಂದ ದೂರ ಇರುವುದು, ಇದೆಲ್ಲ ಹೆಚ್ಚುಕಡಿಮೆ ಒಂದೇ. ಆದರೂ ಆಮಿಶ್ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಅಸ್ತಮಾ, ಹಟರೈಟ್ ಮಕ್ಕಳಲ್ಲಿ ಸುಮಾರು 21. ವ್ಯತ್ಯಾಸ ಇರುವುದು ಕೊಟ್ಟಿಗೆಯಲ್ಲಿ. ಆಮಿಶರದು ಹಳೆಯ ಪದ್ಧತಿ. ಮನೆ ಪಕ್ಕದಲ್ಲೇ ಹಸು, ಕುದುರೆ. ಅಂಬೆಗಾಲಿಡುವ ಮಗುವೂ ಆ ಧೂಳಿನಲ್ಲೇ ಬೆಳೆಯುತ್ತದೆ. ಹಟರೈಟರದು ದೊಡ್ಡ ಯಂತ್ರಗಳ ಬೇಸಾಯ, ಮನೆಯಿಂದ ದೂರ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಕಡೆಯ ಮನೆಗಳ ಧೂಳನ್ನು ತಂದು ಇಲಿಗಳ ಮೂಗಿಗೆ ಕೊಟ್ಟು ನೋಡಿದರು. ಆಮಿಶ್ ಮನೆಯ ಧೂಳು ಇಲಿಗಳನ್ನು ಅಸ್ತಮಾದಿಂದ ಕಾಯಿತು. ಇನ್ನೊಂದು ಕಾಯಲಿಲ್ಲ.

ಕೊಡಗಿನಲ್ಲೂ ಹಸು ಮಾರಿ ಕೊಟ್ಟಿಗೆಯನ್ನು ಗೊಬ್ಬರದ ಗೋದಾಮು ಮಾಡಿಕೊಂಡ ಮನೆಗಳು ಎಷ್ಟಿಲ್ಲ! ಹಾಗಂತ ನಾಳೆಯೇ ಮಗನನ್ನು ಕೊಟ್ಟಿಗೆಗೆ ಬಿಡಬೇಡಿ. ಈ ರಕ್ಷಣೆ ಸಿಗುವುದು ತೀರಾ ಎಳೆಯ ವಯಸ್ಸಿನಲ್ಲಿ. ಉಬ್ಬಸ ಶುರುವಾದ ಮೇಲೆ ಅದೇ ಧೂಳು ಕೆಣಕಬಹುದು.

ಈಗ ನಿಮ್ಮ ಗಂಡನ ಕಾಲಿನ ವಿಷಯ.

ನಮ್ಮ ಚರ್ಮದ ಮೇಲ್ಪದರದಲ್ಲಿ ಫಿಲಾಗ್ರಿನ್ ಅನ್ನುವ ಪ್ರೋಟೀನ್ ಇದೆ. ಗೋಡೆಯ ಇಟ್ಟಿಗೆಗಳನ್ನು ಒತ್ತಾಗಿ ಕೂರಿಸುವ, ತೇವ ಆರದ ಹಾಗೆ ನೋಡಿಕೊಳ್ಳುವ ಕೆಲಸ ಅದರದ್ದು. ಅದರ ಜೀನಿನಲ್ಲಿ ಮುರುಕು ಇದ್ದರೆ ಚರ್ಮ ಒಣಗಿ ಹುರುಪೆ ಏಳುತ್ತದೆ. ಆ ಸ್ಥಿತಿಗೆ ಇಕ್ತಿಯೋಸಿಸ್ ಅಂತ ಹೆಸರು. ಗ್ರೀಕಿನಲ್ಲಿ ಇಕ್ತಿಸ್ ಅಂದರೆ ಮೀನು. ನಿಮಗೆ ಹೊಳೆದ ಹೋಲಿಕೆಯೇ ಹೆಸರಿಟ್ಟವರಿಗೂ ಹೊಳೆದಿತ್ತು ನೋಡಿ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಅವರ ತಂಡ 2006ರಲ್ಲಿ ಇದನ್ನು ಪತ್ತೆ ಹಚ್ಚಿತು. ಇದೇ ಮುರುಕು ಮಕ್ಕಳ ಎಕ್ಸಿಮಾಕ್ಕೂ (ಚರ್ಮ ಒಣಗಿ ತುರಿಸುವ ಕಾಯಿಲೆ), ಎಕ್ಸಿಮಾ ಜೊತೆಗೆ ಬರುವ ಅಸ್ತಮಾಕ್ಕೂ ದಾರಿ ಮಾಡುತ್ತದೆ ಅಂತಲೂ ಆಗ ಗೊತ್ತಾಯಿತು.

ವಿಚಿತ್ರ ಏನೆಂದರೆ ಶ್ವಾಸಕೋಶದ ಕೊಳವೆಗಳಲ್ಲಿ ಫಿಲಾಗ್ರಿನ್‌ಗೆ ಕೆಲಸವೇ ಇಲ್ಲ. ಮತ್ತೆ ದಮ್ಮು ಹೇಗೆ? ಬಿರುಕು ಬಿಟ್ಟ ಚರ್ಮದಿಂದ ಧೂಳಿನ ನುಸಿ, ಬೂಷ್ಟಿನ ಕಣಗಳು ಒಳಗೆ ನುಸುಳುತ್ತವೆ. ಮೈ ಅವನ್ನು ವೈರಿ ಅಂತ ಗುರುತು ಇಟ್ಟುಕೊಳ್ಳುತ್ತದೆ. ಆಮೇಲೆ ಅದೇ ಕಣ ಉಸಿರಿನಲ್ಲಿ ಹೋದಾಗ ಎದೆಯಲ್ಲಿ ಜಗಳ. ಅದಕ್ಕೇ ಎಷ್ಟೋ ಮಕ್ಕಳಲ್ಲಿ ಮೊದಲು ಕೆನ್ನೆಯ ಮೇಲೆ, ಮೊಣಕೈ ಮಡಿಕೆಯಲ್ಲಿ ತುರಿಕೆ, ಆಮೇಲೆ ನೆಗಡಿ ಸೀನು, ಆಮೇಲೆ ಉಬ್ಬಸ.

ಈ ಮುರುಕಿನ ಒಂದು ಗುರುತು ಅಂಗೈಯಲ್ಲಿ ಕಾಣುತ್ತದೆ. ಹೆಬ್ಬೆರಳ ಬುಡದ ಉಬ್ಬಿನಲ್ಲಿ ಗೆರೆಗಳು ಜಾಸ್ತಿ, ಆಳ. ಕೈ ನೋಡಿ ಭವಿಷ್ಯ ಹೇಳುವವರನ್ನು ನಾನು ನಂಬುವುದಿಲ್ಲ, ಆದರೆ ಈ ಗೆರೆಗಳನ್ನು ಚರ್ಮದ ಡಾಕ್ಟರೇ ನೋಡುತ್ತಾರೆ. ಪತ್ರ ಓದಿ ನಿಮ್ಮ ಗಂಡನಿಗೆ ರೋಗದ ಹೆಸರು ಹಚ್ಚುವುದು ಸರಿಯಲ್ಲ. ಚಳಿಗೆ ಒಡೆಯುವ ಕಾಲು ಊರಲ್ಲಿ ಸಾವಿರ ಇವೆ. ತೋಟದಲ್ಲಿ ಕತ್ತಿ ಹಿಡಿದ ಕೈಯಲ್ಲಿ ಗೆರೆ ಇದ್ದೇ ಇರುತ್ತವೆ. ಹುರುಪೆಯೂ ಗೆರೆಯೂ ಒಟ್ಟಿಗೆ ಇದ್ದರೆ ಮಾತ್ರ ಯೋಚನೆ ಮಾಡಿ. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಮುರುಕು ಒಂದು ಪ್ರತಿಯಲ್ಲಿ ಇದ್ದರೆ ಅದು ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಅಲರ್ಜಿ ಮಕ್ಕಳ ಮುಖದಲ್ಲೂ ಗುರುತುಗಳಿರುತ್ತವೆ. ಕೆಳರೆಪ್ಪೆ ಅಡಿಯಲ್ಲಿ ಜೋಡಿ ಮಡಿಕೆ, ಕಣ್ಣ ಕೆಳಗೆ ಕಪ್ಪು, ಅಂಗೈಯಿಂದ ಮೂಗನ್ನು ಮೇಲಕ್ಕೆ ಒರೆಸಿ ಒರೆಸಿ ಮೂಗಿನ ಮೇಲೆ ಬಿದ್ದ ಅಡ್ಡಗೆರೆ. ಇವು ಸುಳಿವು ಅಷ್ಟೇ. ನಮ್ಮಂಥ ಕಂದು ಚರ್ಮದಲ್ಲಿ ಕಣ್ಣ ಕೆಳಗಿನ ಕಪ್ಪಿಗೆ ಬೇರೆ ಕಾರಣಗಳೂ ಇವೆ. ಮೂಗಿನ ಗೆರೆಯನ್ನು ನಾನಾದರೆ ಸ್ವಲ್ಪ ಹೆಚ್ಚು ನಂಬುತ್ತೇನೆ.

ಎರಡೂವರೆ ವರ್ಷದ ಮಗುವಿಗೆ ಶ್ವಾಸಕೋಶದ ಬಲ ಅಳೆಯುವ ಊದುವ ಪರೀಕ್ಷೆ ಮಾಡಿಸಲು ಆಗುವುದಿಲ್ಲ. ಅದಕ್ಕೆ ಸುಮಾರು ಐದು ವರ್ಷ ತುಂಬಬೇಕು. ಅಲ್ಲಿಯವರೆಗೆ ಡಾಕ್ಟರುಗಳು ಬಳಸುವ ಒಂದು ಲೆಕ್ಕ ಅಮೆರಿಕದ ಟೂಸಾನ್ ಊರಿನ ಮಕ್ಕಳನ್ನು ವರ್ಷಾನುಗಟ್ಟಲೆ ನೋಡಿ 2000ದಲ್ಲಿ ಮಾಡಿದ್ದು. ಮೂರು ವರ್ಷದೊಳಗೆ ಮತ್ತೆ ಮತ್ತೆ ಉಬ್ಬಸ ಬಂದು, ಜೊತೆಗೆ ಅಪ್ಪನಿಗೋ ಅಮ್ಮನಿಗೋ ಅಸ್ತಮಾ, ಇಲ್ಲವೇ ಮಗುವಿಗೇ ಎಕ್ಸಿಮಾ ಇದ್ದರೆ ಮುಂದೆ ಅಸ್ತಮಾ ಉಳಿಯುವ ಸಾಧ್ಯತೆ ಹೆಚ್ಚು. ಇವೆರಡೂ ಇಲ್ಲದಿದ್ದರೆ ಮೂರು ಸಣ್ಣ ಸುಳಿವುಗಳಲ್ಲಿ ಎರಡು ಇರಬೇಕು: ಅಲರ್ಜಿ ನೆಗಡಿ, ಶೀತ ಇಲ್ಲದೆಯೂ ಬರುವ ಉಬ್ಬಸ, ರಕ್ತದಲ್ಲಿ ಇಯೊಸಿನೊಫಿಲ್ (ಅಲರ್ಜಿಯಲ್ಲಿ ಏರುವ ಒಂದು ಬಗೆಯ ಬಿಳಿ ರಕ್ತಕಣ) 4% ಅಥವಾ ಜಾಸ್ತಿ. ಈ ಲೆಕ್ಕದಲ್ಲಿ ಜೀನ್ ಟೆಸ್ಟ್ ಎಲ್ಲೂ ಇಲ್ಲ, ಗಮನಿಸಿದಿರಾ? ಇನ್ನೊಂದು ಮಾತು. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಇಯೊಸಿನೊಫಿಲ್ ಏರುತ್ತದೆ. ಬರಿಗಾಲಲ್ಲಿ ತೋಟ ಸುತ್ತುವ ಮಗುವಿನ ರಿಪೋರ್ಟ್ ನೋಡುವಾಗ ಡಾಕ್ಟರಿಗೆ ಅದನ್ನು ನೆನಪಿಸಿ.

ನಿಮಗೆ ಚಿಕ್ಕಂದಿನಲ್ಲಿ ದಮ್ಮು ಇತ್ತು, ಮಗನಿಗೆ ನಾಲ್ಕು ಸಲ ಬಂದಿದೆ. ಮಕ್ಕಳ ಡಾಕ್ಟರಿಗೆ ತೋರಿಸಲು ಇಷ್ಟು ಸಾಕು. ಇನ್ಹೇಲರ್ ಬರೆದುಕೊಟ್ಟರೆ ಹೆದರಬೇಡಿ, ಅದು ಚಟ ಆಗುವುದಿಲ್ಲ. ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆಯುತ್ತಿದ್ದರೆ, ಮಾತಾಡಲು ಕುಡಿಯಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಅಗ್ಗಿಷ್ಟಿಕೆ ಮೇಲೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ಅವನನ್ನು ಮಲಗಿಸಬೇಡಿ. ಹಳೆಯ ಕಂಬಳಿ, ಬೂಷ್ಟು ಹಿಡಿದ ಗೋಡೆ ಪಕ್ಕದ ಹಾಸಿಗೆ ಬದಲಾಯಿಸಿ. ಕಾಫಿ ಸಿಪ್ಪೆ ಬಿಡಿಸುವ ಮಿಲ್ಲಿನ ಧೂಳಿನಿಂದಲೂ ದೂರ ಇರಲಿ. ಹಸಿ ಕಾಫಿ ಬೀಜದ ಧೂಳಿಗೆ ಅಲ್ಲಿ ದುಡಿಯುವವರಿಗೇ ಅಲರ್ಜಿ ಬರುವುದಿದೆ. ಕೊಡಗಿನ ಮಳೆಗಾಲದ ಆಚರಣೆಯಾದ ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸವನ್ನು ಖುಷಿಯಾಗಿ ತಿನ್ನಿಸಿ, ಔಷಧಿಯ ಬದಲಿಗೆ ಮಾತ್ರ ಬೇಡ.

ಇನ್ನು, ನಿಮ್ಮ ಕಡೆಯ ದಮ್ಮಿನ ಜೊತೆ ಅಪ್ಪನ ಕಡೆಯ ಚರ್ಮವೂ ಮಗನಿಗೆ ಬಂದಿರಬಹುದು. ಗಂಡನ ಅಂಗೈ ನೋಡಿದ ಮೇಲೆ ಅತ್ತೆಯವರಿಗೆ ಇದನ್ನು ಹೇಳುವುದೋ ಬೇಡವೋ, ಅದು ನಿಮಗೆ ಬಿಟ್ಟಿದ್ದು.