ಸ್ಕ್ರೀನಿನಲ್ಲಿ 24 ಇದೆ, ಕುರ್ಚಿಯಲ್ಲಿ ಎಷ್ಟಿದೆ?

"ಸಾರ್, ಸಿಸ್ಟಮ್‌ನಲ್ಲಿ ಕರೆಕ್ಟಾಗಿ 24 ಡಿಗ್ರಿ ತೋರಿಸ್ತಾ ಇದೆ. ಜನ ಸುಮ್ನೆ ಕಂಪ್ಲೇಂಟ್ ಮಾಡ್ತಾರೆ."

ವಾರಕ್ಕೊಮ್ಮೆಯಾದರೂ ಈ ಮಾತು ಫೋನಿನಲ್ಲಿ ಕೇಳುತ್ತೇನೆ. ಹೇಳುವವರು ಯಾವುದೋ ಕಚೇರಿ ಕಟ್ಟಡದ ಫೆಸಿಲಿಟಿ ಮ್ಯಾನೇಜರ್. ಬೆಳಗ್ಗೆ ಏಳಕ್ಕೇ ಬಂದು, ಲಿಫ್ಟು, ಜನರೇಟರು, ನೀರಿನ ಟ್ಯಾಂಕರು ಎಲ್ಲವನ್ನೂ ಒಬ್ಬರೇ ನಿಭಾಯಿಸುವ ಪಾಪದ ಜೀವ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ವಾಕ್ಯದ ಮೇಲೆ ಇದೆ. ಬೆಂಗಳೂರಿನ ಕಚೇರಿಗಳಲ್ಲಿ ಹವಾನಿಯಂತ್ರಣದ ಕಂಟ್ರೋಲ್ ಕೆಲಸ ಮಾಡುತ್ತಾ ನನಗೆ ಹತ್ತೊಂಬತ್ತು ವರ್ಷ ಆಯಿತು. ಈ ಅವಧಿಯಲ್ಲಿ, ಗೋಡೆಯ ಮೇಲೆ ಕೂತು ಉಷ್ಣಾಂಶ ಅಳೆದು ತಂಪನ್ನು ಹೆಚ್ಚು ಕಮ್ಮಿ ಮಾಡಿಸುವ ಥರ್ಮೋಸ್ಟಾಟ್ ಒಂಟಿ ಡಬ್ಬಿಯಾಗಿದ್ದದ್ದು ಹೋಗಿ, ಕಟ್ಟಡದ ನೂರಾರು ಥರ್ಮೋಸ್ಟಾಟುಗಳು ಒಂದೇ ನೆಟ್‌ವರ್ಕಿಗೆ ಸೇರಿ, ಮ್ಯಾನೇಜರ ಮೇಜಿನ ಸ್ಕ್ರೀನಿನಲ್ಲಿ ಮಹಡಿಯ ನಕ್ಷೆಯ ಮೇಲೆ ಹಸಿರು ಅಂಕಿಗಳಾಗಿ ಕೂತಿವೆ. ಜನ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುವುದು ಮಾತ್ರ ಹಾಗೇ ಇದೆ.

ನನ್ನ ಮಾತು ಒಂದೇ. ಥರ್ಮೋಸ್ಟಾಟ್ ಹೇಳುವುದು ಅದು ಕೂತ ಜಾಗದ ಸುದ್ದಿ, ನೀವು ಕೂತ ಜಾಗದ್ದಲ್ಲ.

ಇಷ್ಟು ಸರಳ ಸಂಗತಿಯನ್ನು ಯಾಕೆ ಎಳೆಯುತ್ತೀರಿ ಎಂದು ಕೇಳಬಹುದು. ಎಳೆಯುತ್ತೇನೆ, ಯಾಕೆಂದರೆ ಹೌದೌದು ಎಂದು ತಲೆಯಾಡಿಸಿದವರೇ ಮರುದಿನ ಮತ್ತೆ ಫೋನ್ ಮಾಡುತ್ತಾರೆ. ಆ ಡಬ್ಬಿಯೊಳಗೆ ಸಾಸಿವೆ ಕಾಳಿನಷ್ಟು ದೊಡ್ಡ ಥರ್ಮಿಸ್ಟರ್ ಎಂಬ ಒಂದು ಮಣಿ ಇರುತ್ತದೆ. ಬಿಸಿಯಾದರೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ತಂಪಾದರೆ ಏರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಬಗೆಯದ್ದರಲ್ಲಿ 25 ಡಿಗ್ರಿಗೆ 10,000 ಓಮ್. ನಿಮ್ಮ ಸ್ಕ್ರೀನಿನಲ್ಲಿ ಕಾಣುವ 24 ಎಂದರೆ ಆ ಮಣಿಯ ಮೈ ಎಷ್ಟು ಬೆಚ್ಚಗಿದೆ ಎಂಬುದು ಮಾತ್ರ. ಬ್ಯಾಕ್‌ನೆಟ್ ಇರಲಿ, ಮಾಡ್‌ಬಸ್ ಇರಲಿ (ಇವು ಕಟ್ಟಡದ ಯಂತ್ರಗಳು ಪರಸ್ಪರ ಮಾತಾಡುವ ಭಾಷೆಗಳು), ವೈಫೈ ಇರಲಿ, ನೆಟ್‌ವರ್ಕ್ ಆ ಅಂಕಿಯನ್ನು ಇದ್ದದ್ದು ಇದ್ದಹಾಗೆ ಹೊತ್ತು ತರುತ್ತದೆ. ತಪ್ಪು ಜಾಗದ ಅಂಕಿಯನ್ನೂ ಅಷ್ಟೇ ನಿಷ್ಠೆಯಿಂದ ತರುತ್ತದೆ. ಬಣ್ಣ ಹಸಿರಾಗಿದೆ, ದಶಾಂಶದ ನಂತರ ಒಂದು ಸ್ಥಾನ ಇದೆ ಎಂದಾಕ್ಷಣ ಅದು ಕೋಣೆಯ ಸತ್ಯ ಆಗುವುದಿಲ್ಲ.

ಹೊರ ವರ್ತುಲ ರಸ್ತೆಯ ಒಂದು ಕಚೇರಿಯ ಕತೆ ಹೇಳಬೇಕು. ಅಕೌಂಟ್ಸ್ ವಿಭಾಗ, ಹನ್ನೊಂದು ಜನ. ಅಲ್ಲಿನ ಥರ್ಮೋಸ್ಟಾಟ್ ದಿನವೂ ಬೆಳಗ್ಗೆ ಹನ್ನೊಂದರ ಸುಮಾರಿಗೆ 24ರಿಂದ ಜರ್ರನೆ 19ರ ಹತ್ತಿರ ಇಳಿಯುತ್ತಿತ್ತು, ಆಮೇಲೆ ನಿಧಾನಕ್ಕೆ ಏರುತ್ತಿತ್ತು. ಮಧ್ಯಾಹ್ನ ಊಟದ ನಂತರ ಮತ್ತೆ ಅದೇ. ಸೆನ್ಸರ್ ಕೆಟ್ಟಿದೆ ಎಂದು ಎರಡು ಸಲ ಬದಲಿಸಿದರು. ಕೇಬಲ್ ಸರಿಯಿಲ್ಲ ಎಂದು ಥರ್ಮೋಸ್ಟಾಟುಗಳನ್ನು ಸಾಲಾಗಿ ಜೋಡಿಸುವ ಆರ್‌ಎಸ್-485 ಲೈನ್ ಪೂರ್ತಿ ಪರೀಕ್ಷೆ ಮಾಡಿ, ಎರಡು ತುದಿಯ 120 ಓಮ್ ರೆಸಿಸ್ಟರುಗಳನ್ನೂ ತೆಗೆದು ಹಾಕಿ ನೋಡಿದರು. ಏನೂ ಸಿಗಲಿಲ್ಲ. ಕೊನೆಗೆ ನಾನು ಲ್ಯಾಪ್‌ಟಾಪ್ ಹಿಡಿದು ಆ ವಿಭಾಗದಲ್ಲೇ ಒಂದು ಖಾಲಿ ಕುರ್ಚಿಯಲ್ಲಿ ಕೂತೆ.

ಹನ್ನೊಂದು ಗಂಟೆಗೆ, ಐವತ್ತರ ಆಸುಪಾಸು ವಯಸ್ಸಿನ ಒಬ್ಬ ಮೇಡಂ ಎದ್ದು ಹೋದರು. ಕರವಸ್ತ್ರ ಒದ್ದೆ ಮಾಡಿ, ಚೆನ್ನಾಗಿ ಹಿಂಡಿಕೊಂಡು ಬಂದು ಥರ್ಮೋಸ್ಟಾಟಿನ ಮೇಲೆ ನೀಟಾಗಿ ಹೊದೆಸಿದರು. ನನ್ನನ್ನು ನೋಡಿ ಸ್ವಲ್ಪ ಗಾಬರಿಯಾದರು. ಬಯ್ಯುವುದಕ್ಕೆ ಬಂದವನಲ್ಲ ಎಂದೆ. "ಇದನ್ನ ಒದ್ದೆ ಮಾಡಿದ್ರೆ ಹತ್ತು ನಿಮಿಷದಲ್ಲಿ ಗಾಳಿ ಕಮ್ಮಿ ಆಗುತ್ತೆ ಸಾರ್. ಆರು ಸಲ ಮೇಲ್ ಹಾಕಿದ್ದೆ. 'ಸಿಸ್ಟಮ್‌ನಲ್ಲಿ 24 ಇದೆ ಮೇಡಂ' ಅಂತ ಉತ್ತರ ಬಂತು. ನನಗೆ ಮಂಡಿ ನೋವು, ಈ ಚಳಿ ಆಗಲ್ಲ."

ಆ ಹೆಂಗಸಿನ ಬಗ್ಗೆ ನನಗೆ ಈಗಲೂ ಗೌರವ ಇದೆ. ಒದ್ದೆ ಬಟ್ಟೆಯ ನೀರು ಆರುವಾಗ ಮಣಿಯ ಶಾಖ ಎಳೆದುಕೊಳ್ಳುತ್ತದೆ. ಕೋಣೆ ತಣ್ಣಗಾಯಿತು ಎಂದು ಥರ್ಮೋಸ್ಟಾಟ್ ತಿಳಿಯುತ್ತದೆ. ಆ ಜಾಗಕ್ಕೆ ತಂಪು ಗಾಳಿ ಅಳೆದು ಬಿಡುವ ಮೇಲಿನ ವಿಎವಿ ಡಬ್ಬಿ ತನ್ನ ಡ್ಯಾಂಪರನ್ನು, ಅಂದರೆ ಗಾಳಿಯ ಬಾಗಿಲನ್ನು, ಕನಿಷ್ಠಕ್ಕೆ ಮುಚ್ಚುತ್ತದೆ. ಮಡಕೆ ನೀರು ತಂಪಾಗುವುದೂ ಇದೇ ನಿಯಮದಿಂದ. ಇಂಜಿನಿಯರುಗಳು ಮೂರು ತಿಂಗಳು ಹುಡುಕಿದರೂ ಕಾಣದ್ದನ್ನು ಅವರು ತಾವೇ ಕಂಡುಕೊಂಡಿದ್ದರು: ಆ ಡಬ್ಬಿಗೆ ಗೊತ್ತಿರುವುದು ತನ್ನ ಮೈ ಮಾತ್ರ.

ನನ್ನ ಥರ್ಮಾಮೀಟರನ್ನು ಅವರ ಕುರ್ಚಿಯ ಬಳಿ, ಕೂತವರ ಎದೆಯ ಎತ್ತರಕ್ಕೆ ಇಟ್ಟೆ. 20.8. ಗೋಡೆಯಲ್ಲಿ, ಕರವಸ್ತ್ರ ತೆಗೆದು ಆರಲು ಬಿಟ್ಟ ಮೇಲೆ, 24.1. ಕಾರಣ ಪಕ್ಕದಲ್ಲೇ ನಿಂತಿತ್ತು. ಹಿಂದಿನ ವರ್ಷ ಇಂಟೀರಿಯರ್‌ನವರು ಬಂದು ಸೀಟುಗಳನ್ನು ಬದಲಿಸಿದಾಗ ದೊಡ್ಡ ಜೆರಾಕ್ಸ್ ಯಂತ್ರವನ್ನು ಸರಿಯಾಗಿ ಥರ್ಮೋಸ್ಟಾಟಿನ ಕೆಳಗೆ ನಿಲ್ಲಿಸಿದ್ದರು. ಯಂತ್ರದ ಬಿಸಿ ಗಾಳಿ ನೇರ ಮೇಲೆ. ಆ ಮಣಿಯನ್ನು 24ಕ್ಕೆ ಇಳಿಸಬೇಕಾದರೆ ಹನ್ನೊಂದು ಜನ 21ರಲ್ಲಿ ನಡುಗಬೇಕಿತ್ತು. ಥರ್ಮೋಸ್ಟಾಟನ್ನು ನಾಲ್ಕು ಮೀಟರ್ ಆಚೆ ಸರಿಸಿದೆವು. ಅರ್ಧ ದಿನದ ಕೆಲಸ.

ಇದು ಹೊಸ ಸಮಸ್ಯೆಯೂ ಅಲ್ಲ. 1880ರ ದಶಕದ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ವಾರನ್ ಜಾನ್ಸನ್ ಎಂಬ ಪ್ರಾಧ್ಯಾಪಕ ಶಿಕ್ಷಕರ ತರಬೇತಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದ. ಕೋಣೆಗಳು ಎಷ್ಟು ಬೆಚ್ಚಗಿವೆ ಎಂದು ನೋಡಲು ಶಾಲೆಯ ನೌಕರ ಪಾಠದ ನಡುವೆ ಒಂದೊಂದೇ ತರಗತಿಗೆ ಬರಬೇಕಿತ್ತು. ನೋಡಿ, ಮತ್ತೆ ನೆಲಮಾಳಿಗೆಗೆ ಇಳಿದು ಗಾಳಿಯ ಬಾಗಿಲುಗಳನ್ನು ತಿರುಗಿಸಬೇಕಿತ್ತು. ಈ ಅಡಚಣೆ ತಪ್ಪಿಸಲು ಜಾನ್ಸನ್, ತರಗತಿಯ ಉಷ್ಣಾಂಶ ಏರುಪೇರಾದಾಗ ಕೆಳಗೆ ಗಂಟೆ ಬಾರಿಸುವ ವಿದ್ಯುತ್ ಥರ್ಮೋಸ್ಟಾಟ್ ಮಾಡಿ 1883ರಲ್ಲಿ ಪೇಟೆಂಟ್ ಪಡೆದ. ಎರಡು ವರ್ಷದ ನಂತರ ಮಿಲ್ವಾಕಿಯಲ್ಲಿ ಅವನ ಕಂಪನಿ ಶುರುವಾಯಿತು. ನನಗೆ ಮುಖ್ಯ ಅನಿಸುವುದು ಇಷ್ಟು: ಬೆಂಕಿ ನೋಡಿಕೊಳ್ಳುವವನು ಕೆಳಗಿದ್ದ, ಚಳಿ ಅನುಭವಿಸುವವರು ಮೇಲಿದ್ದರು. ಆ ದೂರ ಕಳೆಯಲು ಹುಟ್ಟಿದ ಉಪಕರಣ ಅದು. ನೆಟ್‌ವರ್ಕ್ ಬಂದ ಮೇಲೆ ನಾವು ಅದೇ ದೂರವನ್ನು ಮತ್ತೆ ಸೃಷ್ಟಿಸಿದ್ದೇವೆ. ಮೊದಲು ಆ ನೌಕರ ತರಗತಿಯ ಒಳಗಾದರೂ ಬರುತ್ತಿದ್ದ. ಈಗ ಸ್ಕ್ರೀನ್ ನೋಡುವವರು ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಮ್ಯಾನೇಜರುಗಳು ಹಿಡಿಯುವ ಅಡ್ಡದಾರಿ ಆಫ್‌ಸೆಟ್. "ಸಾಫ್ಟ್‌ವೇರಿನಲ್ಲೇ ಮೂರು ಡಿಗ್ರಿ ಕಳೆದುಬಿಡಿ ಸಾರ್, ಗೋಡೆ ಯಾಕೆ ಒಡೀಬೇಕು?" ಆಫ್‌ಸೆಟ್ ಇರುವುದು ಸದಾಕಾಲ ಒಂದೇ ಆಗಿರುವ ತಪ್ಪಿಗೆ. ಉದಾಹರಣೆಗೆ ಥರ್ಮೋಸ್ಟಾಟಿನ ಒಳಗಿನ ಸರ್ಕ್ಯೂಟ್ ತಾನೇ ಬೆಚ್ಚಗಾಗಿ ಅರ್ಧ ಡಿಗ್ರಿ ಹೆಚ್ಚು ತೋರಿಸುತ್ತಿದ್ದರೆ ಆ ಅರ್ಧ ಕಳೆಯಿರಿ, ತೊಂದರೆ ಇಲ್ಲ. ಜೆರಾಕ್ಸ್ ಯಂತ್ರ ತಿಂಗಳ ಕೊನೆಯಲ್ಲಿ ದಿನವಿಡೀ ಓಡುತ್ತದೆ, ತಿಂಗಳ ಮಧ್ಯದಲ್ಲಿ ಸುಮ್ಮನೆ ನಿಂತಿರುತ್ತದೆ. ಬಿಸಿಲು ಗೋಡೆಯ ಮೇಲೆ ನಾಲ್ಕು ಗಂಟೆಗೆ ಬರುತ್ತದೆ, ಆರಕ್ಕೆ ಹೋಗುತ್ತದೆ, ಡಿಸೆಂಬರಿನಲ್ಲಿ ಬೇರೆ ಕೋನದಲ್ಲಿ ಬರುತ್ತದೆ. ಅಂಥ ತಪ್ಪಿಗೆ ಒಂದೇ ಅಂಕಿ ಕಳೆದರೆ ಒಂದು ಹೊತ್ತಿಗೆ ಸರಿಯಾಗಿ ಉಳಿದ ಹೊತ್ತೆಲ್ಲ ಹೊಸ ತಪ್ಪಾಗುತ್ತದೆ. ಮುಂದೆ ಬರುವ ಇಂಜಿನಿಯರಿಗೆ ಆ ಮೂರು ಎಲ್ಲಿಂದ ಬಂತೆಂದೂ ತಿಳಿಯುವುದಿಲ್ಲ.

ಅಂಕಿ ತಪ್ಪಾಗಲು ಯಾರ ಕಣ್ಣಿಗೂ ಬೀಳದ ಇನ್ನೊಂದು ಕಾರಣ ಕಾನ್‌ಡ್ಯೂಟ್, ಅಂದರೆ ವೈರ್ ಹಾಯುವ ಪೈಪು. ಥರ್ಮೋಸ್ಟಾಟಿನ ವೈರ್ ಫಾಲ್ಸ್ ಸೀಲಿಂಗ್ ಮೇಲಿಂದ ಪೈಪಿನೊಳಗೆ ಇಳಿದು ಡಬ್ಬಿಯ ಬೆನ್ನಿಗೆ ಬಂದು ತೆರೆದುಕೊಳ್ಳುತ್ತದೆ. ಮೇಲಿನ ಗಾಳಿ ಅದೇ ಪೈಪಿನಲ್ಲಿ ಇಳಿದು ಮಣಿಯ ಮೇಲೆ ಊದುತ್ತಿರುತ್ತದೆ. ಕೋಣೆಯ ಗಾಳಿಯನ್ನು ಬಿಟ್ಟು ಮಾಡಿನ ಗಾಳಿಯನ್ನು ಅಳೆದಂತಾಯಿತು. ಇದರಿಂದಲೇ ಎರಡು ಡಿಗ್ರಿ ವ್ಯತ್ಯಾಸ ಬಂದದ್ದನ್ನು ನಾನು ಕಂಡಿದ್ದೇನೆ. ಪೈಪಿನ ಬಾಯಿಗೆ ಒಂದು ಚಿಟಿಕೆ ಸೀಲಂಟ್ ಮೆತ್ತಿದರೆ ಮುಗಿಯಿತು. ಕೆಲಸ ಮುಗಿಸಿ ಕಟ್ಟಡ ಒಪ್ಪಿಸುವ ಹೊತ್ತಿನಲ್ಲಿ ಇದನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ವಿಆರ್‌ಎಫ್, ಅಂದರೆ ಹೊರಗಿನ ಒಂದು ಯಂತ್ರಕ್ಕೆ ಒಳಗಿನ ಹಲವು ಎಸಿಗಳನ್ನು ಜೋಡಿಸಿದ ವ್ಯವಸ್ಥೆ, ಇರುವ ಚಿಕ್ಕ ಕಚೇರಿಗಳಲ್ಲಿ ವಿಷಯ ಸ್ವಲ್ಪ ಬೇರೆ. ಅಲ್ಲಿ ಅನೇಕ ಯಂತ್ರಗಳು ಗೋಡೆಯ ರಿಮೋಟಿನೊಳಗಿನ ಸೆನ್ಸರನ್ನು ಬಿಟ್ಟು, ಮಾಡಿನಲ್ಲಿ ತಾವು ಎಳೆದುಕೊಳ್ಳುವ ಗಾಳಿಯ ಉಷ್ಣಾಂಶವನ್ನೇ ನಂಬುತ್ತವೆ. ಬಿಸಿ ಗಾಳಿ ಮೇಲೆ ಸೇರುವುದರಿಂದ ಕೆಳಗೆ ಕೂತವರಿಗೆ ತಂಪು ಹೆಚ್ಚೇ ಸಿಗುತ್ತದೆ. ಯಾವ ಸೆನ್ಸರ್ ನಂಬಬೇಕೆಂದು ಆರಿಸುವ ಸೆಟ್ಟಿಂಗ್ ಬಹಳಷ್ಟು ಯಂತ್ರಗಳಲ್ಲಿ ಇರುತ್ತದೆ. ನಿಮ್ಮ ಎಎಂಸಿಯವರನ್ನು, ಅಂದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಹಿಡಿದವರನ್ನು, ಕೇಳಿ. ನೋಡದೆ ಬದಲಿಸಿ ಎಂದು ನಾನು ಹೇಳುತ್ತಿಲ್ಲ, ರಿಮೋಟೇ ಕೆಟ್ಟ ಜಾಗದಲ್ಲಿದ್ದರೆ ಬದಲಿಸಿ ಪ್ರಯೋಜನ ಇಲ್ಲ.

ಪಶ್ಚಿಮಕ್ಕೆ ಗಾಜಿನ ಗೋಡೆ ಇರುವಲ್ಲಿ ಥರ್ಮೋಸ್ಟಾಟನ್ನು ಎಲ್ಲಿಟ್ಟರೂ ಪೂರ್ತಿ ಪರಿಹಾರ ಸಿಗದು. ಕಾದ ಗಾಜಿನ ಝಳ ಮೈಗೆ ನೇರ ತಾಗುತ್ತದೆ, ಗಾಳಿ 23 ಇದ್ದರೂ ಬೆವರುತ್ತದೆ. ಅಲ್ಲಿ ಸೆಟ್‌ಪಾಯಿಂಟ್, ಅಂದರೆ ಇಷ್ಟು ಡಿಗ್ರಿ ಬೇಕೆಂದು ಹೊಂದಿಸಿದ ಅಂಕಿ, ಇಳಿಸುತ್ತಾ ಹೋದರೆ ಗಾಜಿನ ಪಕ್ಕದವರ ಬೆವರು ನಿಲ್ಲುವ ಮೊದಲೇ ಒಳಗಿನ ಸಾಲಿನವರಿಗೆ ನೆಗಡಿ. ಮೊದಲು ಪರದೆ ಎಳೆಯಿರಿ.

ಇನ್ನು 24ಕ್ಕೆ ಬೀಗ ಹಾಕುವ ಪದ್ಧತಿ. ವಿದ್ಯುತ್ ಮಿತಬಳಕೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2018ರಲ್ಲಿ 24 ಡಿಗ್ರಿಯ ಸಲಹೆ ಕೊಟ್ಟಿತು. 2020ರ ಜನವರಿಯಿಂದ ಕೋಣೆಯ ಎಸಿಗಳು ಕಾರ್ಖಾನೆಯಿಂದಲೇ 24ಕ್ಕೆ ಹೊಂದಿಸಿ ಬರುತ್ತಿವೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ವಿದ್ಯುತ್ ಉಳಿತಾಯ ಎಂಬುದು ಅವರ ಲೆಕ್ಕ. 2025ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವ ಮನೋಹರ್ ಲಾಲ್ ಅವರು ಎಸಿಗಳನ್ನು 20ರಿಂದ 28ರ ಮಿತಿಯೊಳಗೆ ತರುವ ಯೋಚನೆ ಹೇಳಿದಾಗ ನನ್ನ ಫೋನ್ ಎರಡು ದಿನ ಬಿಡುವಿಲ್ಲದೆ ಹೊಡೆದುಕೊಂಡಿತು. ಉದ್ದೇಶ ಒಳ್ಳೆಯದು, ನಾನು ಪೂರ್ತಿ ಅದರ ಪರ. ಆದರೆ ಮಣಿಯನ್ನು 24ಕ್ಕೆ ಲಾಕ್ ಮಾಡಿ, ಕುರ್ಚಿಯಲ್ಲಿ 21 ಇದ್ದರೆ, ನೀವು ಮೂರು ಡಿಗ್ರಿಯ ವಿದ್ಯುತ್ತನ್ನು ಚೆಲ್ಲುತ್ತಾ ಉಳಿಸುತ್ತಿದ್ದೇವೆ ಎಂದು ವರದಿ ಬರೆಯುತ್ತಿದ್ದೀರಿ. ಚಿಲ್ಲರ್ (ನೀರನ್ನು ತಣಿಸಿ ಇಡೀ ಕಟ್ಟಡಕ್ಕೆ ತಂಪು ಕೊಡುವ ಯಂತ್ರ) ಇರುವ ದೊಡ್ಡ ಕಟ್ಟಡದಲ್ಲಿ ಅದು 6ರ ಮೂರು ಪಟ್ಟೇ ಆಗಬೇಕೆಂದಿಲ್ಲ, ಪ್ರತಿ ಪ್ಲಾಂಟೂ ಬೇರೆ. ಚೆಲ್ಲುವುದಂತೂ ನಿಜ.

ಬೀಗ ಹಾಕಿದ ಮೇಲೆ ಜನ ಸಿಟ್ಟಾಗುತ್ತಾರೆಂದು ಯಾವುದಕ್ಕೂ ಜೋಡಿಸದ ಬರೀ ಡಬ್ಬಿಗಳನ್ನು ಗೋಡೆಗೆ ಹಾಕಿಕೊಡಿ ಎಂದು ಕೇಳಿದವರೂ ಇದ್ದಾರೆ. ಒತ್ತಿಕೊಂಡು ಸಮಾಧಾನವಾಗಿರಲಿ ಎಂದು. ನಾನು ಹಾಕಿಕೊಡುವುದಿಲ್ಲ. ಚಳಿಯಾಗುತ್ತಿದೆ ಎಂದು ಹೇಳುವವರಿಗೆ ಸುಳ್ಳು ಗುಂಡಿ ಕೊಡುವುದು ಅವರ ಮೈಯನ್ನೇ ಸುಳ್ಳು ಎಂದಂತೆ. 24ರ ಆಚೀಚೆ ಒಂದೂವರೆ ಡಿಗ್ರಿ ಅವರ ಕೈಗೆ ಬಿಡಿ, ಎರಡು ಗಂಟೆಯ ನಂತರ ತಾನಾಗಿ ಹಿಂದಿರುಗುವಂತೆ ಮಾಡಿ. ನಾನು ನೋಡಿದ ಮಟ್ಟಿಗೆ ಜನ ಅದನ್ನು ಹದವಾಗಿಯೇ ಬಳಸುತ್ತಾರೆ.

ನೆಟ್‌ವರ್ಕಿನ ಮಾತು ಬಂದಾಗ ಒಂದನ್ನು ಬಿಡಲಾಗದು. ಥರ್ಮೋಸ್ಟಾಟುಗಳನ್ನು ಕಚೇರಿಯ ಲೆಕ್ಕಪತ್ರ ಓಡಾಡುವ ಜಾಲದಲ್ಲೇ ಬಿಡಬೇಡಿ, ಡಬ್ಬಿಯೊಂದಿಗೆ ಬಂದ ಪಾಸ್‌ವರ್ಡ್ ಬದಲಿಸಿ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಸುಮಾರು 4 ಕೋಟಿ ಕಾರ್ಡುಗಳ ವಿವರ ಕದ್ದವರು ಒಳಹೊಕ್ಕದ್ದು ಹವಾನಿಯಂತ್ರಣ ಗುತ್ತಿಗೆದಾರನೊಬ್ಬನ ಲಾಗಿನ್ ಹಿಡಿದು.

ಮತ್ತೆ ಕುರ್ಚಿಗೆ ಬರುತ್ತೇನೆ. ದೂರು ಬಂದಾಗ ಸ್ಕ್ರೀನ್ ತೆರೆಯುವ ಮೊದಲು ಒಂದು ಸಣ್ಣ ಥರ್ಮಾಮೀಟರ್ ಹಿಡಿದು ದೂರು ಕೊಟ್ಟವರ ಪಕ್ಕ ಹದಿನೈದು ನಿಮಿಷ ಕೂತುಕೊಳ್ಳಿ. ಅದರ ಅಂಕಿ, ಸ್ಕ್ರೀನಿನ ಅಂಕಿ ಎರಡನ್ನೂ ಬರೆದಿಡಿ. ಬೆಳಗ್ಗೆ ಒಮ್ಮೆ, ಮೂರು ಗಂಟೆಗೆ ಒಮ್ಮೆ. ವ್ಯತ್ಯಾಸ ಒಂದು ಡಿಗ್ರಿಯೊಳಗೆ ಇದ್ದರೆ ಕಾರಣ ಬೇರೆ ಇದೆ, ನೇರ ಬೀಸುವ ಗಾಳಿಯೋ ಗಾಜೋ ಇರಬಹುದು. ಹೆಚ್ಚಿದ್ದರೆ ಥರ್ಮೋಸ್ಟಾಟ್ ಎಲ್ಲಿ ಕೂತಿದೆ ಎಂದು ಹೋಗಿ ನೋಡಿ.

ಹೋದ ತಿಂಗಳು ವೈಟ್‌ಫೀಲ್ಡ್ ಕಡೆಯ ಒಬ್ಬ ಮ್ಯಾನೇಜರ್ 40 ಹೊಸ ಸೆನ್ಸರಿಗೆ ಕೊಟೇಶನ್ ಕೇಳಿದರು. ಕೊಟೇಶನ್ ಆಮೇಲೆ ಕಳಿಸುತ್ತೇನೆ, ಮೊದಲು ಈಗಿರುವ 40 ಥರ್ಮೋಸ್ಟಾಟಿನ ಒಂದೊಂದು ಫೋಟೋ ಕಳಿಸಿ, ಕೆಳಗೆ ಪಕ್ಕದಲ್ಲಿ ಏನಿದೆ ಎಂಬುದೂ ಕಾಣಲಿ ಎಂದೆ. ಎರಡು ದಿನ ಸುತ್ತಾಡಿ 38 ಕಳಿಸಿದರು. "ಎರಡು ಸಿಗ್ತಾ ಇಲ್ಲ ಸಾರ್. ಆದ್ರೆ ಸಿಸ್ಟಮ್‌ನಲ್ಲಿ ಎರಡೂ ಆನ್‌ಲೈನ್ ಇವೆ, 24 ತೋರಿಸ್ತಿವೆ." ಒಂದು ಬೀರುವಿನ ಹಿಂದೆ ಸಿಕ್ಕಿತು. ಇನ್ನೊಂದಕ್ಕೆ ನಮ್ಮ ಹುಡುಗ ಫಾಲ್ಸ್ ಸೀಲಿಂಗ್ ಮೇಲೆ ಹೋಗಿ ಕೇಬಲ್ ಹಿಡಿದುಕೊಂಡೇ ಬಂದ. ಅದು ಹೊಸ ಮೀಟಿಂಗ್ ರೂಮಿನ ಜಿಪ್ಸಮ್ ಗೋಡೆಯೊಳಗೆ ಇಳಿದಿತ್ತು. ಹಳೆಯ ಗೋಡೆಯ ಮೇಲೆ ಹೊಸ ಬೋರ್ಡ್ ಹೊಡೆದವರು ಥರ್ಮೋಸ್ಟಾಟನ್ನು ಬಿಚ್ಚದೆ ಹಾಗೇ ಮುಚ್ಚಿದ್ದರು. ಬೋರ್ಡಿನಲ್ಲಿ ಒಂದು ಅಡಿ ಚೌಕ ಕೊಯ್ದೆವು. ಒಳಗಿನ ಕತ್ತಲೆಯಲ್ಲಿ ಧೂಳು ಹಿಡಿದ ಚಿಕ್ಕ ಪರದೆ ಬೆಳಗುತ್ತಿತ್ತು: 24.0.