ಫಾದರ್ ಟ್ರಾನ್ಸ್‌ಫರ್ ಆದ್ರೆ ಪ್ಲಾನ್ ಎಲ್ಲಿಗೆ ಹೋಗುತ್ತೆ? ಮಲೆನಾಡಿನ ಚರ್ಚುಗಳ ಹಳೇ ಸಮಸ್ಯೆಯ ಹಿನ್ನೆಲೆ

ನಮ್ಮ ಕಥೋಲಿಕ ಚರ್ಚಲ್ಲಿ ಪೂಜೆ ಬಟ್ಟೆ ಇಡೋ ರೂಮಲ್ಲಿ ಒಂದು ಕಬ್ಬಿಣದ ಬೀರು ಇದೆ, ಅದ್ರ ಮೇಲಿನ ಖಾನೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಟ್ಟಿರೋ ಮೂರು ಚಾರ್ಟ್ ಪೇಪರ್ ರೋಲು. ಮೂರೂ ಐದು ವರ್ಷದ ಯೋಜನೆಗಳೇ, ಮೂರು ಜನ ಫಾದರ್‌ಗಳ ಕಾಲದ್ದು. ಹೋದ ಮಳೆಗಾಲದಲ್ಲಿ ಹೆಂಚು ಸೋರ್ತಿದೆ ಅಂತ ಬೀರು ಸರಿಸುವಾಗ ಬಿಚ್ಚಿ ನೋಡಿದ್ವಿ, ನಾಲ್ಕು ಚೌಕ ಹಾಕಿ ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಅಂತ ಸ್ಕೆಚ್ ಪೆನ್ನಲ್ಲಿ ಬರೆದಿದ್ದಾರೆ, ಮೂರರಲ್ಲೂ ದೌರ್ಬಲ್ಯದ ಚೌಕದ ಮೊದಲನೇ ಸಾಲು ಒಂದೇ: ಹುಡುಗ್ರು ಬೆಂಗ್ಳೂರಿಗೆ ಹೋಗ್ತಿದಾರೆ. ಕೈಬರಹ ಮಾತ್ರ ಬೇರೆ ಬೇರೆ. ಎರಡನೇ ರೋಲಿನ ಅಕ್ಷರ ನಂದೇ, ಬರೆದಿದ್ದು ನನಗೇ ಮರ್ತು ಹೋಗಿತ್ತು!

ಮೂರು ಯೋಜನೆಯಲ್ಲಿ ಒಂದೂ ಐದು ವರ್ಷ ಬಾಳಲಿಲ್ಲ ಯಾಕೆ ಅಂದ್ರೆ ಕಾರಣ ದೊಡ್ಡ ರಹಸ್ಯ ಏನಲ್ಲ. ಬರೆಸಿದ ಫಾದರ್ ಐದಾರು ವರ್ಷಕ್ಕೆ ವರ್ಗ ಆಗ್ತಾರೆ, ಬಂದು ಮೊದಲ ವರ್ಷ ಊರು ಅರ್ಥ ಆಗೋಕೇ ಬೇಕು, ಎರಡನೇ ವರ್ಷ ಪ್ಲಾನು, ಅದು ಚಿಗುರೋ ಹೊತ್ತಿಗೆ ಬಿಷಪ್ ಹೌಸಿಂದ ಲೆಟರ್ರು. ಹೊಸಬ್ರು ಬಂದು ಹೊಸ ಚಾರ್ಟ್ ಪೇಪರ್ ತರ್ಸ್ತಾರೆ. ಇದ್ರಲ್ಲಿ ಫಾದರ್‌ಗಳ ತಪ್ಪು ಅಂತ ನಾನು ಹೇಳಲ್ಲ, ನಾವು ಪ್ಲಾನ್ ಮಾಡ್ತಿದ್ವಿ ಅಷ್ಟೇ, ಪ್ಲಾನ್ ನಡೆಸೋಕೆ ಊರಲ್ಲೇ ಉಳಿಯೋ ಜನರನ್ನ ಯಾರೂ ತಯಾರು ಮಾಡ್ಲಿಲ್ಲ. ಈ ಸಮಸ್ಯೆ ಎಷ್ಟು ಹಳೇದು ಅಂತ ಹುಡುಕ್ತಾ ಹೋದ್ರೆ ಸುಮಾರು ನೂರೆಪ್ಪತ್ತು ವರ್ಷ ಹಿಂದಕ್ಕೆ ಹೋಗ್ಬೇಕಾಯ್ತು.

ಲಂಡನ್ನಿನ ಚರ್ಚ್ ಮಿಷನರಿ ಸೊಸೈಟಿಗೆ 1841ರಿಂದ 1872ರ ತನಕ ಸೆಕ್ರೆಟರಿ ಆಗಿದ್ದ ಹೆನ್ರಿ ವೆನ್ ಅನ್ನೋರು ಆಗ್ಲೇ ಒಂದು ಮಾತು ಹಾಕಿಟ್ಟಿದ್ರು, ಸ್ಥಳೀಯ ಸಭೆ, ಅಂದ್ರೆ ಊರಿನ ಕ್ರೈಸ್ತ ಸಮುದಾಯ, ತನ್ನ ಆಡಳಿತ ತಾನೇ ನಡೆಸ್ಬೇಕು, ತನ್ನ ಖರ್ಚು ತಾನೇ ನೋಡ್ಕೋಬೇಕು, ತಾನೇ ಬೆಳೀಬೇಕು, ಮಿಷನರಿ ಅನ್ನೋನು ತನ್ನ ಅಗತ್ಯ ಇಲ್ದಂಗೆ ಮಾಡಿ ಮುಂದಿನ ಊರಿಗೆ ಹೊರಡಬೇಕು ಅಂತ. ಅಮೆರಿಕದ ಮಿಷನ್ ಸಂಸ್ಥೆಯೊಂದ್ರ ಸೆಕ್ರೆಟರಿ ರೂಫಸ್ ಆಂಡರ್ಸನ್ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳ್ತಿದ್ರು. ಓದೋಕೆ ಚೆನ್ನಾಗಿದೆ. ಆದ್ರೆ ನಡೆದಿದ್ದು ಬೇರೆ, ಬಂಗಲೆ, ಶಾಲೆ, ಆಸ್ಪತ್ರೆ ಎಲ್ಲ ಬೆಳೀತು, ಬೀಗದ ಕೈ ಮಾತ್ರ ಬಿಳಿ ದೊರೆಗಳ ಹತ್ರಾನೇ ಉಳೀತು. 1910ರಲ್ಲಿ ಎಡಿನ್‌ಬರೋದಲ್ಲಿ ದೊಡ್ಡ ಮಿಷನರಿ ಸಮ್ಮೇಳನ ನಡೆದಾಗ ನಮ್ಮ ದಕ್ಷಿಣದ ವಿ. ಎಸ್. ಅಜರಯ್ಯ ಅವ್ರು ಎದ್ದು ನಿಂತು, ನೀವು ತ್ಯಾಗ ಎಲ್ಲಾ ಮಾಡಿದೀರ ಸರಿ, ನಮ್ಮನ್ನ ಸ್ನೇಹಿತರ ಹಾಗೆ ನೋಡಿ ಅನ್ನೋ ಅರ್ಥದಲ್ಲಿ ಮಾತಾಡಿದ್ದು ಇದಕ್ಕೇ. ಎರಡು ವರ್ಷ ಕಳೆದು 1912ರಲ್ಲಿ ಅವ್ರೇ ಈಗಿನ ತೆಲಂಗಾಣದ ದೋರ್ನಕಲ್‌ನ ಬಿಷಪ್ ಆದ್ರು, ಇಂಗ್ಲೆಂಡಿನ ಚರ್ಚಿಂದ ಬೆಳೆದ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್.

ತಯಾರಿ ಇಲ್ದೆ ಬದಲಾವಣೆ ಬಂದ್ರೆ ಏನಾಗುತ್ತೆ ಅಂತ ನೋಡೋಕೆ ಘಟ್ಟ ಇಳಿದ್ರೆ ಸಾಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಹೆಂಚಿನ ಕಾರ್ಖಾನೆ, ನೇಯ್ಗೆ, ಪ್ರೆಸ್ಸು, ಶಾಲೆ, ಎಲ್ಲಾ ಇತ್ತು, ನಮ್ಮ ಕಡೆಯ ಎಷ್ಟೋ ಹಳೇ ಮನೆ ಮೇಲೆ ಇವತ್ತಿಗೂ ಇರೋದು ಮಂಗಳೂರು ಹೆಂಚೇ. 1914ರಲ್ಲಿ ಯುದ್ಧ ಶುರುವಾಯ್ತು. ಅಲ್ಲಿದ್ದ ಮಿಷನರಿಗಳಲ್ಲಿ ತುಂಬಾ ಜನ ಜರ್ಮನ್ನರು, ಬ್ರಿಟಿಷ್ ಸರ್ಕಾರ ಅವ್ರನ್ನ ಬಂಧಿಸಿ ಆಮೇಲೆ ದೇಶದಿಂದಾನೇ ಕಳಿಸ್ತು, ಕಾರ್ಖಾನೆಗಳು ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಸಂಸ್ಥೆ ಪಾಲಾದವು. ದಶಕಗಟ್ಟಲೆ ಕಟ್ಟಿದ ವ್ಯವಸ್ಥೆಗೆ ನಾಲ್ಕೈದು ವರ್ಷದಲ್ಲಿ ಯಜಮಾನರೇ ಇಲ್ಲ. ಉಳಿದಿದ್ದು ಏನು ಅಂದ್ರೆ ಊರಿನ ಉಪದೇಶಿಗಳು, ಸಭಾಪಾಲಕರು, ಶಾಲೆ ಮೇಷ್ಟ್ರುಗಳು. ಮಂಗಳೂರಲ್ಲಿ 1847ರಲ್ಲೇ ಒಂದು ಸೆಮಿನರಿ, ಅಂದ್ರೆ ಸಭಾಪಾಲಕರನ್ನ ತಯಾರು ಮಾಡೋ ಶಾಲೆ, ಶುರುಮಾಡಿದ್ದು (1965ರಿಂದ ಅದೇ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು) ಆ ಹೊತ್ತಲ್ಲಿ ಕೈ ಹಿಡೀತು ಅಂತ ನನ್ನ ಅನಿಸಿಕೆ. ಕಾರ್ಖಾನೆ ಹೋಯ್ತು, ತಯಾರಾದ ಜನ ಹೋಗ್ಲಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ಚರ್ಚ್ ಆಫ್ ಸೌತ್ ಇಂಡಿಯಾ, ಅಂದ್ರೆ ನಮ್ಮ ಬಾಯಲ್ಲಿ ಸಿಎಸ್‌ಐ. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಪ್ರೊಟೆಸ್ಟೆಂಟ್ ಪಂಗಡಗಳ 33 ಜನ ಕೂತ್ರು, ಬಹುತೇಕ ಎಲ್ರೂ ಭಾರತೀಯರೇ, ಇಂಗ್ಲೆಂಡಲ್ಲಿ ಯಾವತ್ತೋ ಆದ ಜಗಳಕ್ಕೆ ನಾವ್ಯಾಕೆ ಇಲ್ಲಿ ಬೇರೆ ಬೇರೆ ಇರ್ಬೇಕು ಅಂತ ಮಾತು ಶುರುವಾಯ್ತು. ಮುಗಿದಿದ್ದು 1947ರ ಸೆಪ್ಟೆಂಬರ್ 27ಕ್ಕೆ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. 28 ವರ್ಷ! ಬಿಷಪ್ ಬೇಕೋ ಬೇಡ್ವೋ, ಬೇಕಾದ್ರೆ ಯಾವ ಥರದ ಬಿಷಪ್ಪು, ಹಳೇ ಸಭಾಪಾಲಕರಿಗೆ ಮತ್ತೆ ದೀಕ್ಷೆ ಕೊಡ್ಬೇಕೋ ಬೇಡ್ವೋ, ಇದೇ ಎಳೆದಾಟ. ಹಳೇ ಮೈಸೂರು ಸೀಮೆಯ ವೆಸ್ಲಿಯನ್ ಮೆಥಡಿಸ್ಟ್ ಸಭೆಗಳೂ, ನಮ್ಮ ಶಿವಮೊಗ್ಗದ್ದೂ ಸೇರಿ, ಈ ಒಕ್ಕೂಟದೊಳಗೆ ಬಂದ್ವು. ಬಿಷಪ್ಪೇ ಇಲ್ದೆ ಬೆಳೆದ ಮೆಥಡಿಸ್ಟರು ಬಿಷಪ್ಪನ್ನ ಒಪ್ಕೊಂಡ್ರಲ್ಲ, ಇವತ್ತು ನಮ್ಮಲ್ಲಿ ಪೂಜೆ ಟೈಮ್ ಏಳರಿಂದ ಏಳೂವರೆಗೆ ಬದಲಾಯಿಸೋಕೆ ಆಗೋ ಗಲಾಟೆ ನೋಡಿದ್ರೆ ಅದು ಸಣ್ಣ ವಿಷಯ ಅಲ್ವೇ ಅಲ್ಲ.

ಕಥೋಲಿಕರ ಕಡೆ ಬದಲಾವಣೆ ಮೇಲಿಂದ ಇಳೀತು. ಜಗತ್ತಿನ ಬಿಷಪ್ಪುಗಳು ರೋಮಲ್ಲಿ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 65ರವರೆಗೆ ನಡೀತು, ಲ್ಯಾಟಿನ್ ಹೋಗಿ ಕನ್ನಡ, ಕೊಂಕಣಿ ಬಂತು, ಬೆನ್ನು ಹಾಕಿ ನಿಲ್ತಿದ್ದ ಫಾದರ್ ಜನರ ಕಡೆ ತಿರುಗಿದ್ರು. ನಮ್ಮಜ್ಜಿ ಸಾಯೋ ತನಕ ಮೊದಲಿನ ಪೂಜೆನೇ ಪೂಜೆ ಅಂತಿದ್ರು, ಅರ್ಥ ಆಗ್ತಿತ್ತಾ ಅಜ್ಜಿ ಅಂದ್ರೆ ದೇವ್ರಿಗೆ ಆಗ್ತಿತ್ತಲ್ಲ ಅನ್ನೋರು. ಇದನ್ನ ಜನರ ತಲೆಗೆ ಇಳಿಸೋಕೆ ಅಂತ್ಲೇ ಬೆಂಗಳೂರಲ್ಲಿ ಫಾದರ್ ಡಿ. ಎಸ್. ಅಮಲೋರ್‌ಪವದಾಸ್ ಅವ್ರು 1967ರಲ್ಲಿ ಎನ್‌ಬಿಸಿಎಲ್‌ಸಿ ಅನ್ನೋ ಬೈಬಲ್, ಧರ್ಮಬೋಧನೆ, ಪೂಜಾವಿಧಿಯ ರಾಷ್ಟ್ರೀಯ ಕೇಂದ್ರ ಶುರುಮಾಡಿದ್ರು, 1969ರಲ್ಲಿ ಬೆಂಗಳೂರಲ್ಲೇ ಇಡೀ ಭಾರತದ ಸಭೆಯ ಸೆಮಿನಾರ್ ಒಂದು ನಡೀತು. ಆಮೇಲೆ 1983ರ ಚರ್ಚ್ ಕಾನೂನು ಬಂತು. ಅದ್ರಲ್ಲಿ ಒಂದು ವಿಚಿತ್ರ ನೋಡಿ, 537ನೇ ಕಲಂ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ (ಅಂದ್ರೆ ಪ್ಯಾರಿಶ್‌ಗೂ) ಹಣಕಾಸು ಸಮಿತಿ ಇರ್ಲೇಬೇಕು, ಆದ್ರೆ ಅದ್ರ ಹಿಂದಿನ 536ರಲ್ಲಿ ಪಾಲನಾ ಪರಿಷತ್ತು, ಅಂದ್ರೆ ನಾವನ್ನೋ ಪ್ಯಾರಿಶ್ ಕೌನ್ಸಿಲ್ಲು, ಬಿಷಪ್ಪಿಗೆ ಬೇಕು ಅನ್ಸಿದ್ರೆ ಮಾತ್ರ, ಅದಕ್ಕೂ ಸಲಹೆ ಕೊಡೋ ಅಧಿಕಾರ ಅಷ್ಟೇ. ದುಡ್ಡಿನ ಲೆಕ್ಕಕ್ಕೆ ಜನ ಕಡ್ಡಾಯ, ಮುಂದೆ ಏನ್ಮಾಡೋಣ ಅನ್ನೋದಕ್ಕೆ ಐಚ್ಛಿಕ!

ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯ, ಅಂದ್ರೆ ಒಬ್ಬ ಬಿಷಪ್ಪಿನ ಕೈಕೆಳಗಿನ ಪ್ರದೇಶ, ಆಗಿದ್ದು 1988ರಲ್ಲಿ, ಈಗಿನ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಸೇರಿ. ಮೊದಲ ಬಿಷಪ್ ಇಗ್ನೇಷಿಯಸ್ ಪಿಂಟೊ ಅವ್ರು 1998ರಲ್ಲಿ ಬೆಂಗಳೂರಿಗೆ ಆರ್ಚ್‌ಬಿಷಪ್ ಆಗಿ ಹೋದ್ರು, ಮುಂದಿನ ಬಿಷಪ್ ಜೆರಾಲ್ಡ್ ಲೋಬೊ ಅವ್ರ ನೇಮಕ ಆಗಿದ್ದು 2000ದಲ್ಲಿ. ಅವ್ರು 2012ರಲ್ಲಿ ಉಡುಪಿಗೆ ಹೋದ್ರು, ಫ್ರಾನ್ಸಿಸ್ ಸೆರಾವೊ ಅವ್ರ ನೇಮಕ 2014ಕ್ಕೆ. ಎರಡು ಸಲವೂ ಮಧ್ಯ ಸುಮಾರು ಒಂದೂವರೆ ವರ್ಷದ ಗ್ಯಾಪು. ಬಿಷಪ್ ಸ್ಥಾನ ಖಾಲಿ ಇದ್ದಾಗ ಹೊಸದೇನೂ ಮಾಡ್ಬಾರ್ದು ಅಂತ ಅದೇ ಕಾನೂನಿನ 428ನೇ ಕಲಂ ಹೇಳುತ್ತೆ, ಒಳ್ಳೇ ನಿಯಮಾನೇ, ಯಾರೋ ಮಧ್ಯದಲ್ಲಿ ಬಂದು ಏನೋ ಮಾಡಿ ಹೋಗ್ಬಾರ್ದಲ್ಲ, ಆದ್ರೆ ಕಾಲ ಅದಕ್ಕೋಸ್ಕರ ಕಾಯಲ್ಲ. ಆ ಗ್ಯಾಪಲ್ಲೂ ಹುಡುಗ್ರು ಬೆಂಗ್ಳೂರು ಬಸ್ ಹತ್ತಿದ್ರು.

ಮಲೆನಾಡಿನ ಸಭೆ ಅಂದ್ರೆ ಒಂದೇ ಜನ ಅಲ್ಲ ಅನ್ನೋದು ಹೊರಗಿನವ್ರಿಗೆ ಗೊತ್ತಾಗಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಯವ್ರು, ಕಾಫಿ ಎಸ್ಟೇಟಿಗೆ ಬಂದ ತಮಿಳ್ರು, ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ, ಪೇಪರ್ ಮಿಲ್ಲಿಗೆ ಬಂದ ನಾನಾ ಕಡೆಯವ್ರು, ಕಾಡಂಚಲ್ಲಿ ರಬ್ಬರ್, ಶುಂಠಿ ಹಾಕಿದ ಕೇರಳದವ್ರು, ಮೊದಲಿಂದ್ಲೂ ಇಲ್ಲೇ ಇದ್ದ ಕನ್ನಡದವ್ರು. ಮಲಯಾಳಿ ಸೀರೋ ಮಲಬಾರ್ ಸಭೆಯವ್ರಿಗೆ (ಪೂಜೆ ಪದ್ಧತಿ ಬೇರೆ ಇರೋ ಕಥೋಲಿಕರು) 2007ರಲ್ಲಿ ಭದ್ರಾವತಿಲೇ ಬೇರೆ ಧರ್ಮಪ್ರಾಂತ್ಯ ಆಯ್ತು. ಪೇಪರ್ ಮಿಲ್ ನಿಂತೋಯ್ತು, ಕ್ವಾರ್ಟರ್ಸ್ ಖಾಲಿ ಆಯ್ತು, ಯಾವ ಚಾರ್ಟ್ ಪೇಪರಲ್ಲೂ ಅದು ಮೊದ್ಲೇ ಬರೆದಿರ್ಲಿಲ್ಲ.

ಇನ್ನು ಆ ನಾಲ್ಕು ಚೌಕ ಎಲ್ಲಿಂದ ಬಂತು? 1960ರ ದಶಕದ ಅಮೆರಿಕದ ಕಂಪನಿಗಳಿಂದ. ಚರ್ಚಿನೊಳಗೆ ಲೆಕ್ಕಾಚಾರ ಮಾಡಿ ಪ್ಲಾನ್ ಮಾಡೋ ಚಾಳಿಗೆ ಮಾತ್ರ ನಮ್ಮ ದೇಶದ ಬೇರೂ ಇದೆ. ಡೊನಾಲ್ಡ್ ಮೆಕ್‌ಗಾವ್ರನ್ ಅಂತ, ಮಿಷನರಿ ಮಗ, ಹುಟ್ಟಿದ್ದೇ ಮಧ್ಯಪ್ರದೇಶದ ದಮೋಹ್‌ನಲ್ಲಿ 1897ರಲ್ಲಿ. ಇಷ್ಟು ಆಸ್ಪತ್ರೆ, ಶಾಲೆ ನಡೆಸಿದ್ರೂ ಕೆಲವು ಕಡೆ ಸಭೆ ಬೆಳೆಯುತ್ತೆ, ಕೆಲವು ಕಡೆ ಇಲ್ಲ, ಯಾಕೆ ಅಂತ ಲೆಕ್ಕ ಹಾಕ್ತಾ ಕೂತ ಮನುಷ್ಯ, 1965ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯಲ್ಲಿ ಇದಕ್ಕೆ ಅಂತ ಒಂದು ವಿಭಾಗಾನೇ ಕಟ್ಟಿದ್ರು. ಜನ ತಮ್ಮ ಜಾತಿ, ಭಾಷೆ ಗಡಿ ದಾಟದೇನೇ ಕ್ರೈಸ್ತರಾಗೋಕೆ ಇಷ್ಟಪಡ್ತಾರೆ ಅನ್ನೋದು ಅವ್ರ ಸಿದ್ಧಾಂತ. ಇದನ್ನ ಮಲೆನಾಡಿಗೆ ತಂದ್ರೆ ಕೊಂಕಣಿಯವ್ರಿಗೆ ಒಂದು ಬೆಂಚು, ತಮಿಳ್ರಿಗೆ ಇನ್ನೊಂದು, ದಲಿತರಿಗೆ ಬಾಗಿಲ ಹತ್ರ ಅನ್ನೋ ಹಳೇ ರೋಗಕ್ಕೆ ಸರ್ಟಿಫಿಕೇಟ್ ಕೊಟ್ಟಂಗೆ, ನನಗಂತೂ ಒಪ್ಪಿಗೆ ಇಲ್ಲ. ಜಾನ್ ಕಾಟರ್ ಅನ್ನೋ ಹಾರ್ವರ್ಡ್ ಪ್ರೊಫೆಸರ್ 1995ರಲ್ಲಿ ಬರೆದ ಬದಲಾವಣೆಯ ಎಂಟು ಮೆಟ್ಟಿಲುಗಳೂ ಸೆಮಿನಾರ್‌ಗಳಲ್ಲಿ ಬರುತ್ತೆ. ಅದ್ರಲ್ಲಿ ಮೊದಲನೇದು ಅವಸರ ಇದೆ ಅಂತ ಜನಕ್ಕೆ ಮನದಟ್ಟು ಮಾಡೋದು, ಎರಡನೇದು ಜೊತೆಗೆ ನಿಲ್ಲೋ ಗುಂಪು ಕಟ್ಟೋದು, ದರ್ಶನ ಪತ್ರ, ಅಂದ್ರೆ ಮುಂದಿನ ಗುರಿ ಏನು ಅನ್ನೋ ಪತ್ರ, ಬರೆಯೋದು ಆಮೇಲೆ. ನಾವು ಸೀದಾ ಪತ್ರಕ್ಕೇ ಕೈ ಹಾಕೋದು.

2020ರಲ್ಲಿ ಎರಡು ಏಟು ಒಟ್ಟಿಗೆ ಬಿತ್ತು. ಮಾರ್ಚಲ್ಲಿ ಲಾಕ್‌ಡೌನ್, ಮೊಬೈಲಲ್ಲಿ ಪೂಜೆ. ಸೆಪ್ಟೆಂಬರಲ್ಲಿ ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ತಿದ್ದುಪಡಿ. ವಿದೇಶದ ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಗೇ ಬರ್ಬೇಕು, ಆಡಳಿತ ಖರ್ಚಿನ ಮಿತಿ ಶೇಕಡಾ 50ರಿಂದ 20ಕ್ಕೆ, ಒಂದು ಸಂಸ್ಥೆ ಇನ್ನೊಂದಕ್ಕೆ ಆ ದುಡ್ಡು ಹಂಚೋ ಹಾಗಿಲ್ಲ. ದೊಡ್ಡ ಸಂಸ್ಥೆ ಕೈಯಿಂದ ಪಾಲು ಬರ್ತಿದ್ದ ಸಣ್ಣ ಹಾಸ್ಟೆಲ್ಲು, ಹೊಲಿಗೆ ಕೇಂದ್ರಕ್ಕೆ ಈ ಕೊನೇದೇ ದೊಡ್ಡ ಪೆಟ್ಟು. ತನ್ನ ಖರ್ಚು ತಾನೇ ನೋಡ್ಕೋಬೇಕು ಅಂತ ವೆನ್ ಹೇಳಿದ್ದು ಆಗ ನೆನಪಾಗ್ಬೇಕಿತ್ತು.

ಹಂಗಂತ ಊರಲ್ಲಿ ಉಳಿಯೋರನ್ನ ತಯಾರು ಮಾಡೋ ದಾರಿ ಇಲ್ವೇ ಇಲ್ಲ ಅಂತಲ್ಲ. ಪ್ರೊಟೆಸ್ಟೆಂಟರಲ್ಲಿ 1971ರಿಂದ ಬೆಂಗಳೂರಿನ ಟಾಫ್ಟಿ ಅನ್ನೋ ಸಂಸ್ಥೆ, ಕೆಲಸ, ತೋಟ ಬಿಡದೆ ಊರಲ್ಲೇ ಕೂತು ದೇವಶಾಸ್ತ್ರ ಕಲಿಯೋ ವ್ಯವಸ್ಥೆ ಮಾಡ್ತು. ಕೊಂಕಣಿಯವ್ರಲ್ಲಿ ಅದಕ್ಕೂ ಹಳೇ ಗುರ್ಕಾರ ಪದ್ಧತಿ ಇತ್ತು, ಒಂದೊಂದು ವಾರ್ಡಿಗೆ ಒಬ್ಬ ಗುರ್ಕಾರ, ಸಾವು, ಮದುವೆ, ಜಗಳ ಎಲ್ಲಕ್ಕೂ ಮೊದಲು ಅವ್ನೇ. ಫಾದರ್ ಬದಲಾದ್ರೂ ಗುರ್ಕಾರ ಇರೋನು. ಹೆಂಗಸ್ರಿಗೆ ಆ ಜಾಗ ಸಿಗ್ತಿರ್ಲಿಲ್ಲ ಅನ್ನೋದೂ ನಿಜ, ಹಳೇದನ್ನ ಹೊಗಳುವಾಗ ಅದನ್ನ ಮರೀಬಾರ್ದು. 2021ರ ಅಕ್ಟೋಬರಲ್ಲಿ ಪೋಪ್ ಫ್ರಾನ್ಸಿಸ್ ಶುರುಮಾಡಿದ ಸಿನೊಡ್ (ಚರ್ಚ್ ಹೇಗೆ ನಡೀಬೇಕು ಅನ್ನೋ ಜಗತ್ತಿನಾದ್ಯಂತದ ಸಮಾಲೋಚನೆ) 2024ರ ಅಕ್ಟೋಬರಲ್ಲಿ ಮುಗಿದಾಗ, ರೋಮಿನ ಸಭೆಯಲ್ಲಿ ಹೆಂಗಸರೂ ಜನಸಾಮಾನ್ಯರೂ ಓಟು ಹಾಕಿದ್ರು, ಕೊನೆಯ ದಾಖಲೆ ಪಾಲನಾ ಪರಿಷತ್ತಿನಂಥ ಸಮಿತಿಗಳು ಕಡ್ಡಾಯ ಆಗ್ಲೇಬೇಕು ಅಂತ ಒತ್ತಿ ಹೇಳಿದೆ.

ನಮ್ಮಲ್ಲಿ ಈ ಸಲದ ಮೀಟಿಂಗಲ್ಲಿ ಮತ್ತೆ ಪ್ಲಾನಿನ ಮಾತು ಬಂತು. ಕೌನ್ಸಿಲ್ಲಿನ ಹಿರಿಯರೊಬ್ರು, ಅಡಿಕೆ ತೋಟದವ್ರು, ಫಾದ್ರೆ, ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋದು ಮಳೆ ಹಿಡಿಯೋಕೆ ಮುಂಚೆ, ಹಿಡಿದ್ಮೇಲೆ ಮರ ಹತ್ತೋನೇ ಸಿಗಲ್ಲ, ನಿಮ್ಮ ವರ್ಗ ಬರೋ ಮುಂಚೆ ಇದನ್ನ ಯಾರ ಕೈಗೆ ಕೊಡ್ತೀರ ಹೇಳಿ ಅಂದ್ರು. ಫಾದರ್ ನಕ್ಕು ಸುಮ್ನಾದ್ರು. ಕೊನೆಗೆ ನಿರ್ಧಾರ ಆಗಿದ್ದು ಇಷ್ಟು: ಐದು ವರ್ಷದ್ದು ಬೇಡ, ಎರಡೇ ವರ್ಷದ್ದು, ಮೂರೇ ಕೆಲ್ಸ, ಒಂದೊಂದಕ್ಕೂ ಒಬ್ರು ಜವಾಬ್ದಾರಿ, ಅವ್ರ ಜೊತೆ ಕಲಿಯೋಕೆ ನಲವತ್ತು ದಾಟದ ಇನ್ನೊಬ್ರು. ಹೊಸ ಫಾದರ್ ಬಂದ ತಿಂಗಳೊಳಗೆ ಅವ್ರ ಜೊತೆ ಕೂತು ಅದನ್ನೇ ಓದೋದು. ಮೂರರಲ್ಲಿ ಎರಡಕ್ಕೆ ಜನ ಸಿಕ್ಕಿದಾರೆ, ಇಬ್ರೂ ಹೆಂಗಸ್ರೇ. ಮೂರನೇ ಕೆಲಸ, ಬೆಂಗ್ಳೂರಲ್ಲಿರೋ ನಮ್ಮ ಹುಡುಗ್ರ ಪಟ್ಟಿ ಮಾಡೋದು, ಅದಕ್ಕೆ ಇನ್ನೂ ಯಾರೂ ಕೈ ಎತ್ತಿಲ್ಲ.