ಹಳೆಯ ಬುಲೆಟ್‌ಗೆ ಆರ್‌ಪಿಎಂ ಮೀಟರ್: ಮೊದಲು ಕಿಡಿಯ ಲೆಕ್ಕ

ಎರಕದ ಕಬ್ಬಿಣದ ಎಂಜಿನ್ನಿನ ನನ್ನ ಬುಲೆಟ್ 350ಕ್ಕೆ ಮೊದಲ ಸಲ ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವಂಥದ್ದು) ಕೂರಿಸಿದ ದಿನ, ಗಾಡಿ ನಿಂತಲ್ಲೇ ಹದವಾಗಿ ಗುಡುಗುತ್ತಿತ್ತು. ಮುಳ್ಳು ಮಾತ್ರ 450ರ ಹತ್ತಿರ ನಿಂತಿತ್ತು. ಐಡ್ಲಿಂಗ್ (ಗಾಡಿ ನಿಂತಾಗಿನ ಎಂಜಿನ್ ವೇಗ) ಇಳಿದಿದೆ ಎಂದುಕೊಂಡು ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಅರ್ಧ ದಿನ ಕಳೆದೆ. ತಪ್ಪಿದ್ದು ನನ್ನ ಲೆಕ್ಕದಲ್ಲಿ.

ಈ ಬಗೆಯ ಮೀಟರ್‌ಗೆ ಎಂಜಿನ್ನಿನ ಸುತ್ತು ಕಾಣುವುದೇ ಇಲ್ಲ. ಅದು ಎಣಿಸುವುದು ಕಿಡಿಗಳನ್ನು. ಟೂ ಸ್ಟ್ರೋಕ್ ಸಿಂಗಲ್ ಸಿಲಿಂಡರಿನಲ್ಲಿ ಸುತ್ತಿಗೊಂದು ಕಿಡಿ, ತಕರಾರಿಲ್ಲ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಂದು ಕಿಡಿ ಸಾಕು. ಹಳೆಯ ಬುಲೆಟ್‌ನ ಪಾಯಿಂಟ್‌ಗಳನ್ನು (ತೆರೆದಾಗ ಕಿಡಿ ಹಾರಿಸುವ ಪುಟ್ಟ ಸ್ವಿಚ್) ತೆರೆಯುವ ಕ್ಯಾಮ್ ಕ್ರ್ಯಾಂಕ್‌ನ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿ ಆಗುವುದೂ ಅಷ್ಟೇ. ಹಾಗೆಂದು ‘ಫೋರ್ ಸ್ಟ್ರೋಕ್ ಅಂದರೆ ಅರ್ಧ’ ಎಂದು ಬಾಯಿಪಾಠ ಮಾಡಬೇಡಿ. ಪಲ್ಸರ್ ಕಾಯಿಲ್ (ಕಿಡಿಯ ಹೊತ್ತನ್ನು ತಿಳಿಸುವ ಸುರುಳಿ) ಮ್ಯಾಗ್ನೆಟ್ಟಿನ ಪಕ್ಕದಲ್ಲಿರುವ ಗಾಡಿಗಳಲ್ಲಿ ಮ್ಯಾಗ್ನೆಟ್ ಕ್ರ್ಯಾಂಕ್‌ನ ಜೊತೆಗೇ ತಿರುಗುತ್ತದೆ. ಆದ್ದರಿಂದ ಸಾಮಾನ್ಯವಾಗಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಹೊಗೆ ಹೊರಹೋಗುವ ಹೊತ್ತಿಗೆ ಹಾರುವ ಆ ಎರಡನೆಯ ಕಿಡಿಯಿಂದ ಎಂಜಿನ್ನಿಗೆ ಲಾಭವಿಲ್ಲ, ಆದರೆ ಮೀಟರ್ ಅದನ್ನೂ ಎಣಿಸುತ್ತದೆ.

ನನ್ನ ಮೀಟರ್ ಸುತ್ತಿಗೊಂದು ಕಿಡಿ ಎಂಬ ಲೆಕ್ಕದಲ್ಲಿತ್ತು, ಗಾಡಿ ಕೊಡುತ್ತಿದ್ದುದು ಅರ್ಧ. ಅನುಮಾನ ಪರಿಹರಿಸಿದ್ದು ಮೊಬೈಲ್. ಸೈಲೆನ್ಸರಿನ ಸದ್ದನ್ನು 10 ಸೆಕೆಂಡ್ ಧ್ವನಿಮುದ್ರಿಸಿಕೊಂಡು, ನಿಧಾನಗೊಳಿಸಿ ಕೇಳುತ್ತಾ ಎಣಿಸಿದೆ: 75 ಬಡಿತ. ನಿಮಿಷಕ್ಕೆ 450, ಬಡಿತಕ್ಕೆ ಎರಡು ಸುತ್ತು, ಅಂದರೆ 900 ಆರ್‌ಪಿಎಂ. ಸೆಟ್ಟಿಂಗನ್ನು 0.5ಕ್ಕೆ, ಅಂದರೆ ಸುತ್ತಿಗೆ ಅರ್ಧ ಕಿಡಿ ಎಂಬ ಲೆಕ್ಕಕ್ಕೆ, ಬದಲಿಸಿದ ಕೂಡಲೇ ಮುಳ್ಳು 900ಕ್ಕೆ ಬಂತು. ಅಗ್ಗದ ಕೆಲವು ಮೀಟರ್‌ಗಳಲ್ಲಿ ಈ ಸೆಟ್ಟಿಂಗೇ ಇರುವುದಿಲ್ಲ. ಅಂಗಡಿಯಲ್ಲಿ ಬಣ್ಣ, ದೀಪ ನೋಡುವ ಮೊದಲು ಅದನ್ನು ಕೇಳಿ.

ಇನ್ನು ಡಯಲ್. ಈ ಬುಲೆಟ್‌ನ 18 ಅಶ್ವಶಕ್ತಿ ಸಿಗುವುದು 5,625 ಆರ್‌ಪಿಎಂನಲ್ಲಿ. 8,000ದವರೆಗಿನ ಡಯಲ್ ಧಾರಾಳವಾಯಿತು. 13,000ದ್ದು ಹಾಕಿದರೆ ಮುಳ್ಳು ಡಯಲ್‌ನ ಅರ್ಧವನ್ನೂ ಕಾಣದು. ಯಮಹಾ ಆರ್‌ಎಕ್ಸ್ 100ರ ಗರಿಷ್ಠ ಶಕ್ತಿ 7,500ಕ್ಕೆ ಬರುವುದರಿಂದ ಅಲ್ಲಿ 10,000 ಅಥವಾ 12,000 ಸರಿ.

ವೈರಿಂಗ್ ಸುಲಭ. ಕರೆಂಟನ್ನು ಕೀಲಿ ತಿರುಗಿಸಿದ ಮೇಲೆ ಬ್ಯಾಟರಿಯಿಂದ ಬರುವ ತಂತಿಯಿಂದ 1 ಆಂಪಿಯರ್ ಫ್ಯೂಸ್ ಮೂಲಕ ತೆಗೆದುಕೊಳ್ಳಿ. ಹೆಡ್‌ಲೈಟ್ ತಂತಿ ಬೇಡ. ಎಷ್ಟೋ ಗಾಡಿಗಳಲ್ಲಿ ಅದು ನೇರ ಮ್ಯಾಗ್ನೆಟ್ಟಿನ ಎಸಿ. ಪಾಯಿಂಟ್ ಗಾಡಿಯಲ್ಲಿ ಸಿಗ್ನಲ್ ಸಿಗುವುದು ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ತಂತಿಯಲ್ಲಿ. ಸಿಡಿಐ (ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ ಕಿಡಿ ಹಾರಿಸುವ) ಗಾಡಿಯಲ್ಲಿ ಕಾಯಿಲ್‌ಗೆ ನೂರಾರು ವೋಲ್ಟ್‌ಗಳ ಪೆಟ್ಟು ಬೀಳುವುದರಿಂದ ಅದಕ್ಕೆಂದೇ ಮಾಡಿದ ಮೀಟರ್ ಬೇಕು, ಇಲ್ಲವೇ ಪ್ಲಗ್ ವೈರಿಗೆ ತಂತಿ ಸುತ್ತಿ ಸಿಗ್ನಲ್ ಹಿಡಿಯುವಂಥದ್ದು.

ಬ್ರಾಕೆಟ್ ಕೆಳಗೆ ರಬ್ಬರ್ ಬುಷ್ ಇಡದಿದ್ದರೆ ಬುಲೆಟ್‌ನ ನಡುಕ ಮುಳ್ಳನ್ನು ಬೇಗ ಸಡಿಲಿಸುತ್ತದೆ. ತಂತಿ ಕಟ್ಟುವ ಟ್ಯಾಗ್ ಬಿಗಿಯುವ ಮೊದಲು ಹ್ಯಾಂಡಲ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ತಂತಿ ಎಳೆಯುತ್ತದೆಯೇ ನೋಡಿ. ಇಷ್ಟಾದರೂ ಮುಳ್ಳು ಹುಚ್ಚೆದ್ದು ಕುಣಿದರೆ ಸಿಗ್ನಲ್ ತಂತಿಯನ್ನು ಪ್ಲಗ್ ವೈರಿನಿಂದ ದೂರ ಸರಿಸಿ, ಅರ್ಥ್ ತಂತಿಯನ್ನು ನೇರ ಬ್ಯಾಟರಿಗೆ ಕೊಡಿ. ನನ್ನದು ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿದ ಮೇಲೆಯೇ ಸುಮ್ಮನಾಯಿತು.